ಜ್ವರದ ಜಾಡು ಹಿಡಿದ ಬರ್ನೆಟ್

ಮೊದಲನೆಯ ಮಹಾಯುದ್ಧ ಮುಗಿದು ಜಗತ್ತು ನಿಟ್ಟುಸಿರು ಬಿಡುವ ಹೊತ್ತಿಗೆ, 1918ರಲ್ಲಿ, ಗುಂಡು ಮದ್ದುಗಳಿಗಿಂತ ಹೆಚ್ಚು ಜನರನ್ನು ಬಲಿ ತೆಗೆದುಕೊಂಡ ಮಾರಿಯೊಂದು ಭೂಮಂಡಲವನ್ನೆಲ್ಲ ಸುತ್ತಿತು. ಅದೇ ಇನ್‌ಫ್ಲುಯೆಂಜಾ. ಭಾರತವೊಂದರಲ್ಲೇ ಕೋಟಿಗೂ ಮಿಕ್ಕಿ ಜನ ಅದಕ್ಕೆ ತುತ್ತಾದರು. ಮರುವರ್ಷ ಅದು ಆಸ್ಟ್ರೇಲಿಯವನ್ನು ಹೊಕ್ಕಾಗ ಮೆಲ್ಬೋರ್ನ್ ನಗರದ ವಸ್ತುಪ್ರದರ್ಶನ ಭವನವೇ ಆಸ್ಪತ್ರೆಯಾಯಿತು. ಆ ನಗರದಲ್ಲಿ ಆಗ ವೈದ್ಯವಿದ್ಯೆಯನ್ನು ಓದುತ್ತಿದ್ದ ತರುಣರೊಬ್ಬರು ಮುಂದೆ ಈ ರೋಗದ ಮರ್ಮವನ್ನು ಅರಸುವುದರಲ್ಲಿ ಬಾಳಿನ ಎರಡು ದಶಕಗಳನ್ನು ಸವೆಸಿದರು. ಅವರೇ ಫ್ರಾಂಕ್ ಮಾಕ್‌ಫರ್ಲೇನ್ ಬರ್ನೆಟ್.

ಬರ್ನೆಟ್ಟರು ಹುಟ್ಟಿದ್ದು 1899ರ ಸೆಪ್ಟೆಂಬರ್ 3ರಂದು, ವಿಕ್ಟೋರಿಯ ಪ್ರಾಂತದ ಟ್ರರಾಲ್ಗನ್ ಎಂಬ ಸಣ್ಣ ಊರಿನಲ್ಲಿ. ತಂದೆ ಬ್ಯಾಂಕಿನ ಮ್ಯಾನೇಜರು. ಸಂಕೋಚ ಸ್ವಭಾವದ ಬಾಲಕನಿಗೆ ಜೀರುಂಡೆಗಳನ್ನು ಕೂಡಿಹಾಕುವುದೇ ಪರಮಾನಂದ. ಯಾವ ಜೀವಿ ಎಲ್ಲಿ, ಹೇಗೆ ಬಾಳುತ್ತದೆಂದು ನೋಡುವ ಆ ಕಣ್ಣು ಅವರನ್ನು ಕೊನೆಯವರೆಗೂ ಬಿಡಲಿಲ್ಲ. ರೋಗಾಣುವನ್ನೂ ಅವರು ಹಗೆಯೆಂದಲ್ಲ, ಬಾಳಲು ಹೆಣಗುವ ಜೀವಿಯೆಂದೇ ಕಂಡರು.

1933ರಲ್ಲಿ ಅವರು ಲಂಡನ್ನಿನಲ್ಲಿದ್ದಾಗ, ಅದೇ ಸಂಶೋಧನಾಲಯದ ಸ್ಮಿತ್, ಆಂಡ್ರೂಸ್ ಮತ್ತು ಲೇಡ್ಲಾ ಎಂಬ ಮೂವರು ಮನುಷ್ಯನ ಇನ್‌ಫ್ಲುಯೆಂಜಾ ವೈರಸ್ಸನ್ನು ಫೆರೆಟ್ ಎಂಬ ಪ್ರಾಣಿಯಲ್ಲಿ ಬೆಳೆಸಿ ತೋರಿಸಿದರು. ಮೆಲ್ಬೋರ್ನಿಗೆ ಮರಳಿದ ಬರ್ನೆಟ್ಟರು ಅದನ್ನು ಭ್ರೂಣವುಳ್ಳ ಕೋಳಿಮೊಟ್ಟೆಯಲ್ಲಿ ಬೆಳೆಸುವ ಹದವನ್ನು ಸಾಧಿಸಿದರು. ಈ ಜ್ವರದ ಲಸಿಕೆಯ ಬಹುಭಾಗ ಇಂದಿಗೂ ಸಿದ್ಧವಾಗುವುದು ಮೊಟ್ಟೆಯಲ್ಲಿಯೇ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅವರು ಸೈನಿಕರ ಮೂಗಿಗೆ ಸಿಂಪಡಿಸಿ ಪರೀಕ್ಷಿಸಿದ ಜೀವಂತ ಲಸಿಕೆ ಮಾತ್ರ ನಿರೀಕ್ಷಿಸಿದ ಫಲ ಕೊಡಲಿಲ್ಲ.

ಒಮ್ಮೆ ಬಂದ ಜ್ವರ ಮತ್ತೆ ಮತ್ತೆ ಬರುವುದೇಕೆ? ವೈರಸ್ಸು ವರ್ಷ ವರ್ಷವೂ ತನ್ನ ಹೊರಮೈಯನ್ನು ತುಸುತುಸುವೇ ಮಾರ್ಪಡಿಸಿಕೊಳ್ಳುತ್ತದೆ. ಹಳೆಯ ರೂಪವನ್ನು ಬಲ್ಲ ದೇಹ ಹೊಸದನ್ನು ಪೂರ್ತಿ ಗುರುತಿಸದು. ಆದರೆ ಮಹಾಮಾರಿಗೆ ಇಷ್ಟು ಸಾಲದು. 1951ರಲ್ಲಿ ಬರ್ನೆಟ್ಟರೂ ಅವರ ಸಹೋದ್ಯೋಗಿ ಪೆಟ್ರೀಷಿಯ ಲಿಂಡ್ ಅವರೂ ಎರಡು ತಳಿಗಳನ್ನು ಒಂದೆಡೆ ಬೆಳೆಸಿದಾಗ, ಎರಡರ ಗುಣಗಳನ್ನೂ ಪಡೆದ ಸಂತತಿ ಹುಟ್ಟಿತು. ಈ ವೈರಸ್ಸಿನ ಆನುವಂಶಿಕ ದ್ರವ್ಯವಿರುವುದು ಎಂಟು ಬಿಡಿ ತುಂಡುಗಳಾಗಿ. ಒಂದೇ ಜೀವಕೋಶದಲ್ಲಿ ಎರಡು ತಳಿಗಳು ಕೂಡಿದರೆ ತುಂಡುಗಳು ಅದಲುಬದಲಾಗುತ್ತವೆ ಎಂಬುದು ಆಮೇಲೆ ತಿಳಿಯಿತು.

1957ರಲ್ಲಿ ನಡೆದದ್ದೂ ಅದೇ. ಹಕ್ಕಿಯ ವೈರಸ್ಸಿನ ಮೂರು ತುಂಡುಗಳು ಮನುಷ್ಯನ ವೈರಸ್ಸಿನೊಳಗೆ ಸೇರಿದ್ದವು. ಚೀನದಲ್ಲಿ ತಲೆದೋರಿದ ಆ ಹೊಸ ತಳಿಗೆ ಹೆಚ್ಚಿನವರ ದೇಹದಲ್ಲಿ ತಡೆಯೇ ಇರಲಿಲ್ಲ. ಮೇ ತಿಂಗಳಲ್ಲಿ ಅದು ಹಡಗೇರಿ ಮದರಾಸಿಗೂ ಬಂದಿಳಿಯಿತು. ಲೋಕದಲ್ಲಿ ಸತ್ತವರು 10 ಲಕ್ಷದಷ್ಟು. ವಿಧಿಯ ವಿನೋದವೆಂದರೆ, ಬರ್ನೆಟ್ಟರು ವೈರಸ್ಸನ್ನು ಬಿಟ್ಟು, ದೇಹದ ರೋಗನಿರೋಧಕ ಶಕ್ತಿಯ ಅಧ್ಯಯನಕ್ಕೆ ತಮ್ಮ ಸಂಸ್ಥೆಯನ್ನು ತಿರುಗಿಸಿದ್ದೂ ಆ ವರ್ಷವೇ. ಆ ಕ್ಷೇತ್ರದ ಸಾಧನೆಗಾಗಿ 1960ರಲ್ಲಿ ಮೆಡವಾರರೊಡನೆ ಅವರಿಗೆ ನೊಬೆಲ್ ಪಾರಿತೋಷಕ ಬಂದಿತು.

ಇಂಥ ಸೂಕ್ಷ್ಮದರ್ಶಿಯೂ 1972ರಲ್ಲಿ, ಸಾಂಕ್ರಾಮಿಕ ರೋಗಗಳ ಮುಂದಿನ ಕಥೆ ಬಹುಶಃ ನೀರಸವೇ ಆದೀತೆಂದು ಬರೆದರು. ಅವರು 1985ರ ಆಗಸ್ಟ್ 31ರಂದು ತೀರಿಕೊಳ್ಳುವ ವೇಳೆಗೆ ಏಡ್ಸ್ ಕಾಣಿಸಿಕೊಂಡಾಗಿತ್ತು. 2009ರಲ್ಲಿ ಹಕ್ಕಿ, ಹಂದಿ, ಮನುಷ್ಯ ಈ ಮೂರರ ವೈರಸ್ಸುಗಳಿಂದ ತುಂಡುಗಳನ್ನು ಕೂಡಿಸಿಕೊಂಡ ಇನ್‌ಫ್ಲುಯೆಂಜಾ ಮತ್ತೆ ಜಗತ್ತನ್ನು ಸುತ್ತಿತು. ತಾನೇ ಕಲಿಸಿದ ಪಾಠವನ್ನು ಗುರು ಒಂದು ಗಳಿಗೆ ಮರೆತಿದ್ದರು; ವೈರಸ್ಸು ಮರೆತಿರಲಿಲ್ಲ.