ಭಾಷೆಗಳ ನಂಟು ಅರಸಿದ ರಾಷ್ಟ್ರಕವಿ ಗೋವಿಂದ ಪೈ

ಮುಂಬಯಿಯಲ್ಲಿ 1951ರಲ್ಲಿ ಜರಗಿದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠವನ್ನು ಅಲಂಕರಿಸಿದವರು ಮಂಜೇಶ್ವರದ ಎಂ. ಗೋವಿಂದ ಪೈ. ಮನೆಮಾತು ಕೊಂಕಣಿ, ಊರ ಮಾತು ತುಳು, ಬರೆದದ್ದು ಕನ್ನಡ. ಮನೆಯಲ್ಲೊಂದು, ರೈಲಿನಲ್ಲೊಂದು, ಸಂಘದಲ್ಲೊಂದು ಭಾಷೆಯನ್ನಾಡುವ ಮುಂಬಯಿ ಕನ್ನಡಿಗರಿಗೆ ಅವರ ಬದುಕು ಅಪರಿಚಿತವೇನಲ್ಲ.

1883ರ ಮಾರ್ಚ್ 23ರಂದು ಜನಿಸಿದ ಪೈಯವರು ಮಂಗಳೂರಿನಲ್ಲಿ ಶಾಲೆ ಮುಗಿಸಿ ಮದ್ರಾಸಿನಲ್ಲಿ ಕಾಲೇಜು ಸೇರಿದರು. ಮನೆಯ ಹೊಣೆ ಹೆಗಲೇರಿದ್ದರಿಂದ ಊರಿಗೆ ಮರಳಬೇಕಾಯಿತು, ಬಿ.ಎ. ಪದವಿ ಕೈಗೆ ಬರಲಿಲ್ಲ. ಆದರೆ ಕಲಿಕೆ ನಿಲ್ಲಲಿಲ್ಲ. ಸಂಸ್ಕೃತ, ಪಾಲಿ, ಮಲಯಾಳ, ತಮಿಳು, ಮರಾಠಿ, ಬಂಗಾಳಿಗಳಿಂದ ಗ್ರೀಕ್, ಲ್ಯಾಟಿನ್‌ವರೆಗೆ ಇಪ್ಪತ್ತಕ್ಕೂ ಹೆಚ್ಚು ಭಾಷೆಗಳ ಪರಿಚಯ ಅವರಿಗಿತ್ತು.

ಅವರು ಹುಟ್ಟಿ ಬೆಳೆದ ನೆಲವೇ ಭಾಷೆಗಳ ಸಂಗಮ. ಅಲ್ಲಿ ಕನ್ನಡದ ಹುಲಿ ತುಳುವಿನಲ್ಲಿ ಪಿಲಿ, ಮಲಯಾಳದಲ್ಲಿ ಪುಲಿ. ಕೊಂಕಣಿಗರ ಬಾಯಲ್ಲಿ ಅದೇ ವಾಗು. ಮರಾಠಿಯ ವಾಘ್ ಅದರ ಒಡಹುಟ್ಟು, ಸಂಸ್ಕೃತದ ವ್ಯಾಘ್ರ ಎರಡಕ್ಕೂ ಮೂಲ. ಕನ್ನಡದ ತುಪ್ಪವಂತೂ ಮರಾಠಿಗರ ತಟ್ಟೆಯಲ್ಲಿ ತೂಪ್ ಆಗಿದೆ. ಎರಡು ಭಾಷಾ ಕುಟುಂಬಗಳು ಒಂದೇ ಸಂತೆಯಲ್ಲಿ ಕೊಟ್ಟು ಕೊಳ್ಳುವ ಊರು ಅದು.

ಪದಗಳ ಈ ಜಾಡು ಪೈಯವರನ್ನು ದೂರ ಕರೆದೊಯ್ಯಿತು. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ದೊರೆತು 1903ರಲ್ಲಿ ಪ್ರಕಟವಾದ ಪ್ರಾಚೀನ ಗ್ರೀಕ್ ಪ್ರಹಸನವೊಂದರಲ್ಲಿ ಭಾರತದ ಕರಾವಳಿಯ ಪಾತ್ರಗಳು ಗ್ರೀಕ್ ಅಲ್ಲದ ಮಾತುಗಳನ್ನಾಡುತ್ತವೆ. ಜರ್ಮನಿಯ ವಿದ್ವಾಂಸ ಹುಲ್ಟ್ಜ್ ಅವುಗಳಲ್ಲಿ ಕನ್ನಡವನ್ನು ಗುರುತಿಸಿದರು. ಬಳಿಕ ಮೈಸೂರಿನ ಆರ್. ಶಾಮಶಾಸ್ತ್ರಿ, ಗೋವಿಂದ ಪೈ ಮೊದಲಾದವರು ಆ ಚರ್ಚೆಯನ್ನು ಮುಂದುವರಿಸಿದರು. ಅದು ಕನ್ನಡವೋ ತುಳುವೋ ಎಂಬ ವಾದ ಇನ್ನೂ ಮುಗಿದಿಲ್ಲ.

ಕವಿಯಾಗಿಯೂ ಅವರು ಹಲವು ನಾಡುಗಳನ್ನು ಕನ್ನಡಕ್ಕೆ ತಂದರು. ಏಸುಕ್ರಿಸ್ತನ ಕುರಿತು 'ಗೊಲ್ಗೊಥಾ', ಬುದ್ಧನ ಕುರಿತು 'ವೈಶಾಖಿ' ಬರೆದರು. ಜಪಾನಿನ ನೋ ನಾಟಕಗಳನ್ನು ಅನುವಾದಿಸಿದರು. 1949ರಲ್ಲಿ ಮದ್ರಾಸ್ ಸರಕಾರ ಅವರಿಗೆ ರಾಷ್ಟ್ರಕವಿ ಗೌರವ ನೀಡಿತು.

1956ರ ನವೆಂಬರ್ 1ರಂದು ಮಂಜೇಶ್ವರ ಸಹಿತ ಕಾಸರಗೋಡು ಕೇರಳಕ್ಕೆ ಸೇರಿದಾಗ ಪೈಯವರು ನೊಂದರು. ಮಲಯಾಳವನ್ನು ಬಲ್ಲವರಿಗೂ ತನ್ನ ನೆಲದ ಕನ್ನಡ ಗಡಿಯಾಚೆ ಉಳಿದ ನೋವು ಕಡಿಮೆಯಾಗಲಿಲ್ಲ. 1963ರ ಸೆಪ್ಟೆಂಬರ್ 6ರಂದು ಅವರು ನಿಧನರಾದರು. ಮಂಜೇಶ್ವರದ ಸರಕಾರಿ ಕಾಲೇಜು ಇಂದು ಅವರ ಹೆಸರನ್ನು ಹೊತ್ತಿದೆ. ಉಡುಪಿಯ ಎಂ.ಜಿ.ಎಂ. ಕಾಲೇಜಿನಲ್ಲಿ ಅವರ ಹೆಸರಿನ ಸಂಶೋಧನ ಕೇಂದ್ರವಿದೆ.

ಮರಾಠಿ, ಹಿಂದಿ, ಗುಜರಾತಿ ಮಾತುಗಳ ನಡುವೆ ಬೆಳೆಯುವ ಮುಂಬಯಿಯ ಮಕ್ಕಳ ಕನ್ನಡ ಏನಾದೀತು ಎಂಬ ಆತಂಕ ಇಲ್ಲಿನ ಮನೆಮನೆಯಲ್ಲಿದೆ. ಪೈಯವರ ಮಟ್ಟಿಗೆ ಕಲಿತ ಯಾವ ಭಾಷೆಯೂ ಕನ್ನಡವನ್ನು ಕಸಿದುಕೊಳ್ಳಲಿಲ್ಲ. ಪರಭಾಷೆಯಲ್ಲಿ ಕನ್ನಡದ ನೆಂಟರನ್ನು ಗುರುತಿಸಬೇಕಾದರೆ ಮೊದಲು ಮಗುವಿಗೆ ಕನ್ನಡ ಗೊತ್ತಿರಬೇಕು, ಅಷ್ಟೆ.