ಕೊಳೆರೋಗಕ್ಕೆ ಮದ್ದು ಕೊಟ್ಟ ಕೋಲ್ಮನ್ ಸಾಹೇಬರು

ನಮ್ಮ ಸಂಘದ ಬೆಳ್ಳಿಹಬ್ಬದ ಈ ಶುಭ ಸಂದರ್ಭದಲ್ಲಿ ರೈತರಿಗೆ ಉಪಕಾರ ಮಾಡಿದ ಮಹನೀಯರೊಬ್ಬರನ್ನು ನೆನೆಯುವುದು ನಮ್ಮ ಕರ್ತವ್ಯ. ಪದ್ಮನಾಭನಗರ ಅಂದರೆ ಈಗ ಮನೆ, ಅಂಗಡಿ, ಬಸ್ಸು. ಆದರೆ ಇದರ ಆಸುಪಾಸಿನ ಕದಿರೇನಹಳ್ಳಿ, ಚಿಕ್ಕಲ್ಲಸಂದ್ರ, ಇಟ್ಟಮಡು ಎಲ್ಲ ಮೊದಲು ಹಳ್ಳಿಗಳೇ, ರಾಗಿ ಅವರೆ ಬೆಳೆದ ನೆಲ. ಹೊಲ ಹೋದರೂ ಹಳೇ ಪ್ರಶ್ನೆ ಹೋಗಿಲ್ಲ. ಹೊಲ ಉಳಿಸಿಕೊಂಡವರಿರಲಿ, ತಾರಸಿ ಮೇಲೆ ನಾಲ್ಕು ಕುಂಡದಲ್ಲಿ ಟೊಮೇಟೊ ಹಾಕಿದವರಿರಲಿ, ಹುಳ ಕಂಡ ಕೂಡಲೇ ಕೇಳುವುದು ಒಂದೇ: ಔಷಧಿ ಹೊಡೀಬೇಕೋ ಬೇಡ್ವೋ? ಈ ಪ್ರಶ್ನೆಗೆ ನೂರು ವರ್ಷದ ಹಿಂದೆಯೇ ದಾರಿ ತೋರಿಸಿದವರು ಡಾ. ಲೆಸ್ಲಿ ಕೋಲ್ಮನ್.

ಕೋಲ್ಮನ್ ಸಾಹೇಬರು ಹುಟ್ಟಿದ್ದು 1878ರಲ್ಲಿ, ದೂರದ ಕೆನಡಾ ದೇಶದ ಒಂಟಾರಿಯೊ ಪ್ರಾಂತ್ಯದಲ್ಲಿ. ಟೊರಾಂಟೊದಲ್ಲಿ ಓದಿ, ಜರ್ಮನಿಯ ಗಟಿಂಗೆನ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದರು. 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬೆಂಗಳೂರಿಗೆ ಬಂದರು. ಬೆಳೆಗೆ ಬರುವ ಶಿಲೀಂಧ್ರ ಮತ್ತು ಕೀಟ, ಎರಡನ್ನೂ ನೋಡಿಕೊಳ್ಳುವ ಹೊಣೆ ಅವರದು. ಆಗ ಅವರಿಗೆ ಮೂವತ್ತು ವಯಸ್ಸು.

ಆ ಕಾಲದಲ್ಲಿ ಮಲೆನಾಡಿನ ಅಡಿಕೆ ಬೆಳೆಗಾರರ ಗೋಳು ಹೇಳತೀರದು. ಮುಂಗಾರು ಹಿಡಿಯಿತೆಂದರೆ ಕೊಳೆರೋಗ. ಎಳೆ ಅಡಿಕೆ ಕೊಳೆತು ಉದುರಿ ಮರದ ಬುಡದಲ್ಲಿ ಹಾಸಿಬಿಡುತ್ತಿತ್ತು. ವರ್ಷದ ಫಸಲು ಕಣ್ಣೆದುರೇ ಮಣ್ಣುಪಾಲು, ಹಿಂದಿನಿಂದ ಸಾಲ. ರೈತರು ಸುಮ್ಮನೆ ಕೂತಿರಲಿಲ್ಲ. ಪ್ರತಿ ಕೊನೆಗೂ ಹುಲ್ಲಿನ ಕೊಟ್ಟೆ ಕಟ್ಟಿ ಮಳೆ ನೀರು ತಾಗದ ಹಾಗೆ ಕಾಪಾಡುತ್ತಿದ್ದರು. ಒಳ್ಳೇ ಉಪಾಯವೇ. ಆದರೆ ಸಾವಿರಾರು ಮರ ಹತ್ತಿ ಒಂದೊಂದು ಕೊನೆಗೂ ಕೊಟ್ಟೆ ಕಟ್ಟೋದು ಎಲ್ಲರ ಕೈಲಾಗುವ ಮಾತಲ್ಲ.

ಸಾಹೇಬರು ಮೊದಲು ರೋಗದ ಬುಡ ಹುಡುಕಿದರು. ಇದು ದೇವರ ಶಾಪವೂ ಅಲ್ಲ, ಗೊಬ್ಬರದ ಕೊರತೆಯೂ ಅಲ್ಲ, ತೇವದಲ್ಲಿ ಬೆಳೆದು ಮಳೆಹನಿಯ ಜೊತೆ ಹರಡುವ ಫೈಟಾಫ್ತೊರ ಜಾತಿಯ ಸೂಕ್ಷ್ಮಜೀವಿ ಎಂಬುದನ್ನು ವಿವರವಾಗಿ ಅಧ್ಯಯನ ಮಾಡಿ 1910ರಲ್ಲಿ ಪ್ರಕಟಿಸಿದರು. ಆಮೇಲೆ ಮದ್ದು. ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿ ತೋಟಗಳಲ್ಲಿ 1885ರ ಹೊತ್ತಿಗೆ ಬಳಕೆಗೆ ಬಂದಿದ್ದ ಮೈಲುತುತ್ತ ಮತ್ತು ಸುಣ್ಣದ ಮಿಶ್ರಣವನ್ನು ಮಲೆನಾಡಿನ ಜಡಿಮಳೆಗೆ ಹೊಂದಿಸಿದರು. ಹೊಡೆದ ಮದ್ದು ತೊಳೆದುಹೋಗದಂತೆ ಅಂಟು ಸೇರಿಸುವ ಕ್ರಮವನ್ನೂ ತಂದರು. ಇಂದಿಗೂ ಮಲೆನಾಡಿನಲ್ಲಿ ಬೋರ್ಡೋ ಹೊಡೆಯದೆ ಮಳೆಗಾಲ ಕಳೆಯುವ ತೋಟ ಕಡಿಮೆ. ಅಡಿಕೆ ಬೆಳೆಗಾರರ ಸಹಕಾರ ಸಂಘಗಳಿಗೂ ಮೈಲುತುತ್ತ ಒದಗಿಸುವುದು ಮಳೆಗಾಲದ ಮುಖ್ಯ ಕೆಲಸ.

ಇದನ್ನು ಮಾಡುವ ಬಗೆ ತಿಳಿದಿರಲಿ. ಶೇಕಡಾ 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಕರಗಿಸಿ ಆಮೇಲೆ ಕೂಡಿಸಬೇಕು. ಕಬ್ಬಿಣದ ಪಾತ್ರೆ ಕೂಡದು. ಹೊಳೆಯುವ ಚಾಕು ಅದ್ದಿ ನೋಡಿದಾಗ ಕೆಂಪು ಲೇಪ ಕೂತರೆ ಸುಣ್ಣ ಸಾಲದು ಅಂತ ಅರ್ಥ. ಸುಣ್ಣವಿಲ್ಲದ ಮೈಲುತುತ್ತ ಎಳೆ ಕಾಯನ್ನೇ ಸುಡುತ್ತದೆ. ಅದೇ ಪದಾರ್ಥ, ಅಳತೆ ತಪ್ಪಿದರೆ ವಿಷ, ಸರಿಯಿದ್ದರೆ ಮದ್ದು!

ಹಾಗಂತ ಕೋಲ್ಮನ್‌ರನ್ನು ಬರೀ ಔಷಧಿ ಹೊಡೆಸಿದ ಸಾಹೇಬರು ಎಂದುಕೊಳ್ಳಬಾರದು. ಜೋಳ ತಿನ್ನುವ ಒಂದು ಮಿಡತೆಯನ್ನು ಅವರು ಅಧ್ಯಯನ ಮಾಡಿದರು. ಅದಕ್ಕೆ ವಿಜ್ಞಾನಿಗಳು ಕೋಲ್ಮೇನಿಯ ಅಂತ ಅವರ ಹೆಸರನ್ನೇ ಇಟ್ಟಿದ್ದಾರೆ. ಆ ಮಿಡತೆ ಹಾರಲಾರದು, ಮಣ್ಣಿನಲ್ಲಿ ಮೊಟ್ಟೆ ಇಡುತ್ತದೆ. ಇಷ್ಟು ಗೊತ್ತಾದರೆ ಹೊಲ ಉತ್ತು ಮೊಟ್ಟೆ ಬಿಸಿಲಿಗೆ ಹಾಕಬಹುದು, ಮರಿಗಳನ್ನು ಬಲೆಚೀಲದಲ್ಲಿ ಹಿಡಿಯಬಹುದು. ವಿಷದ ಖರ್ಚೇ ಇಲ್ಲ. ಪಾಪಾಸುಕಳ್ಳಿಯ ಕತೆಯೂ ಹಾಗೇ. 1926ರಲ್ಲಿ ಸಿಂಹಳದಿಂದ ದಕ್ಷಿಣ ಭಾರತಕ್ಕೆ ತಂದ ಒಂದು ಸಣ್ಣ ಕೀಟ, ಕೊಡಲಿಗೂ ಬಗ್ಗದ ಆ ಕಳ್ಳಿಯನ್ನು ತಿಂದು ತೀರಿಸಿತು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯೂ ಈ ಉಪಾಯ ಬಳಸಿತು.

ಸಂಸ್ಥಾನದ ಮೊದಲ ಕೃಷಿ ನಿರ್ದೇಶಕರಾಗಿ ಅವರು ಕಟ್ಟಿದ ಸಂಸ್ಥೆಗಳು ಒಂದೆರಡಲ್ಲ. 1899ರಲ್ಲಿ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರು ಕೊಟ್ಟ 30 ಎಕರೆಯಲ್ಲಿ ಶುರುವಾಗಿದ್ದ ಹೆಬ್ಬಾಳದ ಪ್ರಯೋಗ ಕ್ಷೇತ್ರದಲ್ಲಿ 1913ರಲ್ಲಿ ಕೃಷಿ ಶಾಲೆ ತೆರೆಯಿತು. ಮುಂದೆ 1964ರಲ್ಲಿ ಅಲ್ಲೇ ಕೃಷಿ ವಿಶ್ವವಿದ್ಯಾಲಯ ಆಯಿತು. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ, ಮಂಡ್ಯದ ಸಕ್ಕರೆ ಕಾರ್ಖಾನೆ, ಇವುಗಳ ಹಿಂದೆಯೂ ಅವರ ಶ್ರಮವಿದೆ. 1934ರಲ್ಲಿ ನಿವೃತ್ತರಾಗಿ ತಾಯ್ನಾಡಿಗೆ ಮರಳಿದರು. 1954ರಲ್ಲಿ ಕಾಲವಾದರು.

ಅವರ ಉಪಕಾರ ದೊಡ್ಡದು, ನಿಜ. ಆದರೆ ಇಂದು ಲೆಕ್ಕದ ಇನ್ನೊಂದು ಬದಿಯನ್ನೂ ನೋಡಲೇಬೇಕು. ತಾಮ್ರ ಕೊಳೆಯುವ ವಸ್ತುವಲ್ಲ. ಮರಕ್ಕೆ ಹೊಡೆದದ್ದು ಕೊನೆಗೆ ಮಣ್ಣಿಗೇ ಬರುತ್ತದೆ, ಮೇಲ್ಮಣ್ಣಿನಲ್ಲೇ ಕೂರುತ್ತದೆ. ವರ್ಷವರ್ಷವೂ ಹೆಚ್ಚಿದರೆ ಎರೆಹುಳಕ್ಕೆ ಕಂಟಕ. ಹಳ್ಳ ಸೇರಿದರೆ ಮೀನಿಗೆ ವಿಷ. ಮರದ ಮೇಲೆ ನಿಂತು ಹೊಡೆಯುವ ಕೊನೆಗಾರನ ಕಣ್ಣು, ಚರ್ಮ ಉರಿಯುತ್ತದೆ. ಅದಕ್ಕೇ ಯುರೋಪಿನವರು 2018ರ ನಿಯಮದಲ್ಲಿ ಹೆಕ್ಟೇರಿಗೆ ಏಳು ವರ್ಷಕ್ಕೆ ಒಟ್ಟು 28 ಕಿಲೋ ತಾಮ್ರ ಮೀರಬಾರದು ಅಂತ ಮಿತಿ ಹಾಕಿದ್ದಾರೆ. ಪೂರ್ತಿ ನಿಲ್ಲಿಸಿಲ್ಲ. ಯಾಕಂದ್ರೆ ಅದರಷ್ಟು ಅಗ್ಗವಾಗಿ, ಭರವಸೆಯಿಂದ ಕೆಲಸ ಮಾಡುವ ಬದಲಿ ಎಲ್ಲ ಕಡೆಯೂ ಸಿಕ್ಕಿಲ್ಲ. ನಮ್ಮಲ್ಲೂ ತೋಟದ ಬಸಿಗಾಲುವೆ ಸರಿಮಾಡುವುದು, ಉದುರಿದ ಕಾಯಿ ಆರಿಸಿ ನಾಶಮಾಡುವುದು, ಹುಲ್ಲಿನ ಕೊಟ್ಟೆಯ ಜಾಗಕ್ಕೆ ಪ್ಲಾಸ್ಟಿಕ್ ಕೊಟ್ಟೆ ಕಟ್ಟುವುದು, ಇವೆಲ್ಲ ಸೇರಿದರೆ ಮದ್ದಿನ ಪ್ರಮಾಣ ಇಳಿಸಬಹುದು. ಪ್ಲಾಸ್ಟಿಕ್ಕಿಗೂ ಅದರದೇ ತೊಂದರೆ ಇದೆ, ಅದನ್ನು ಮರೆಯುವಂತಿಲ್ಲ.

ಲೆಕ್ಕವೇ ನೋಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ಕಾಸರಗೋಡೇ ಸಾಕ್ಷಿ. ಅಲ್ಲಿ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ವರ್ಷಗಟ್ಟಲೆ ಎಂಡೋಸಲ್ಫಾನ್ ಸುರಿದರು. ತೋಟದ ಕೆಳಗೆ ಮನೆ, ಬಾವಿ, ಮಕ್ಕಳು ಇದ್ದರು. 2011ರಲ್ಲಿ ಸುಪ್ರೀಂ ಕೋರ್ಟು ಆ ವಿಷವನ್ನು ದೇಶದಲ್ಲೇ ತಡೆಯಿತು. ಅಷ್ಟು ಹೊತ್ತಿಗೆ ಎಷ್ಟೋ ಕುಟುಂಬಗಳು ನೊಂದಿದ್ದವು.

ಇನ್ನು ಕೆಲವರು ಮನೇಲಿ ಮಾಡಿದ್ದೆಲ್ಲ ನಿರಪಾಯ ಅಂತಾರೆ. ಅದೂ ತಪ್ಪು. ಬೇವಿನ ಕಷಾಯ ಸೌಮ್ಯ, ಸರಿ. ಆದರೆ ಹೊಗೆಸೊಪ್ಪಿನ ಕಷಾಯ ಚರ್ಮದ ಮೂಲಕವೇ ಮೈಗೆ ಇಳಿಯುವ ಕಟು ವಿಷ. ಅಂಗಡಿಯದ್ದು ಅಂದಮಾತ್ರಕ್ಕೆ ಕೆಟ್ಟದ್ದಲ್ಲ, ಗಿಡದ್ದು ಅಂದಮಾತ್ರಕ್ಕೆ ಒಳ್ಳೆಯದ್ದಲ್ಲ.

ಆದ್ದರಿಂದ ಸದಸ್ಯ ಬಂಧುಗಳಲ್ಲಿ ಒಂದು ವಿನಂತಿ. ಮೊದಲು ರೋಗ ಯಾವುದು, ಹುಳ ಯಾವುದು ತಿಳಿಯಿರಿ. ಕೈಯಲ್ಲಿ ಆರಿಸಿ ತೆಗೆಯುವುದರಿಂದ, ಉಳುಮೆಯಿಂದ, ನೀರು ಬಸಿಯುವುದರಿಂದ ಆಗುವುದಾದರೆ ಅಷ್ಟೇ ಸಾಕು. ಆಗದಿದ್ದರೆ ಮಾತ್ರ ಮದ್ದು, ಅದೂ ಅಳತೆಯಲ್ಲಿ. ಡಬ್ಬಿಯ ಮೇಲಿನ ತ್ರಿಕೋನ ನೋಡಿ: ಕೆಂಪು ಅತಿ ವಿಷ, ಆಮೇಲೆ ಹಳದಿ, ನೀಲಿ, ಹಸಿರು. ಹಸಿರು ಅಂದರೆ ಕುಡಿಯುವ ನೀರಲ್ಲ! ಡಬ್ಬಿ ತೊಳೆದ ನೀರನ್ನು ಮೋರಿಗೆ ಬಿಡಬೇಡಿ, ಅದು ರಾಜಕಾಲುವೆ ಹಿಡಿದು ಕೆರೆಗೇ ಹೋಗುತ್ತೆ.

ಎಲ್ಲಿಂದಲೋ ಬಂದು ನಮ್ಮ ರೈತನ ಕಣ್ಣೀರು ಒರೆಸಿದ ಕೋಲ್ಮನ್ ಸಾಹೇಬರ ಋಣ ದೊಡ್ಡದು. ಅವರು ಕೊಟ್ಟ ಮದ್ದನ್ನು ಹಿತಮಿತವಾಗಿ ಬಳಸಿ, ನೆಲವನ್ನು ಮಕ್ಕಳಿಗೆ ಚೆನ್ನಾಗಿ ಒಪ್ಪಿಸಿದರೆ ಆ ಋಣ ಸ್ವಲ್ಪವಾದರೂ ತೀರೀತು.