ಕಳಲೆಯ ನಂಜರಾಜಯ್ಯ: ಅನ್ಯರ ಯುದ್ಧಕ್ಕೆ ತೆತ್ತ ಬೆಲೆ

ನಂಜನಗೂಡಿನಿಂದ ಪಡುವಲಾಗಿ ಕಪಿಲೆಯ ಸೀಮೆಯಲ್ಲಿ ಹುಲ್ಲಹಳ್ಳಿಗೆ ಪಯಣಮಾಡುವವರು ಅಲ್ಲಿನ ಅಣೆಕಟ್ಟನ್ನೂ ಹಸುರು ಗದ್ದೆಗಳನ್ನೂ ಕಂಡು ಸಂತೋಷಪಡುವುದು ಸಹಜವೇ ಆಗಿದೆ. ಆದರೆ ಇದೇ ತಾಲ್ಲೂಕಿನ ಕಳಲೆಯೆಂಬ ಗ್ರಾಮದ ಮನೆತನವೊಂದು ಮೈಸೂರಿನ ಸೇನೆಯನ್ನೂ ಬೊಕ್ಕಸವನ್ನೂ ಕೈಯಲ್ಲಿ ಹಿಡಿದು, ಐರೋಪ್ಯರ ಸಾಮ್ರಾಜ್ಯದಾಹದ ಕಾಳಗದಲ್ಲಿ ತಾನಾಗಿ ಹೋಗಿ ಸಿಲುಕಿತೆಂಬುದನ್ನು ನೆನೆಯುವವರು ವಿರಳ. ಆ ಮನೆತನದ ಕರಾಚೂರಿ ನಂಜರಾಜಯ್ಯನ ಚರಿತ್ರೆಯನ್ನು ನಮ್ಮ ವಾಚಕರ ಮುಂದಿಡುವುದು ಉಚಿತವೆಂದು ನಾವು ಭಾವಿಸುತ್ತೇವೆ.

ಇಮ್ಮಡಿ ಕೃಷ್ಣರಾಜ ಒಡೆಯರು 1734ರಲ್ಲಿ ಪಟ್ಟಕ್ಕೆ ಬಂದಾಗ ಇನ್ನೂ ಬಾಲಕರು. ಸಿಂಹಾಸನವು ಒಡೆಯರದಾದರೂ ಅಧಿಕಾರವು ಕಳಲೆಯವರದಾಗಿತ್ತು. ಆ ಮನೆತನದ ದೇವರಾಜಯ್ಯನು ದಳವಾಯಿ, ನಂಜರಾಜಯ್ಯನು ಸರ್ವಾಧಿಕಾರಿ. ತನ್ನ ಮಗಳನ್ನು ದೊರೆಗೆ ಕೊಟ್ಟು ನಂಜರಾಜಯ್ಯನು ಅರಮನೆಯ ಬಂಧುವೂ ಆದನು. ಈತನು ಕೇವಲ ಅಧಿಕಾರಲೋಲುಪನಾಗಿದ್ದನೆಂದರೆ ಅನ್ಯಾಯವಾದೀತು. ಶಿವಭಕ್ತನಾದ ಈತನು ನಂಜುಂಡೇಶ್ವರನ ದೇವಾಲಯವನ್ನು ವಿಸ್ತರಿಸಿದನು, ಶೈವಪುರಾಣಗಳನ್ನು ಕನ್ನಡಕ್ಕೆ ತರಿಸಿದನು, ಪಂಡಿತರಿಗೆ ಆಶ್ರಯವಿತ್ತನು. ನರಸಿಂಹ ಕವಿಯು ಸಂಸ್ಕೃತದಲ್ಲಿ ರಚಿಸಿದ ಅಲಂಕಾರಗ್ರಂಥಕ್ಕೆ ನಂಜರಾಜಯಶೋಭೂಷಣವೆಂದೇ ಹೆಸರು.

ಕಾಲವು ಮಾತ್ರ ವಿಷಮವಾಗಿತ್ತು. 1739ರಲ್ಲಿ ನಾದಿರ್ ಷಹನು ದಿಲ್ಲಿಯನ್ನು ಸೂರೆಗೈದ ಮೇಲೆ ಮೊಗಲ್ ಸಾಮ್ರಾಜ್ಯವು ಹೆಸರಿಗೆ ಮಾತ್ರ ಉಳಿದಿತ್ತು. ಸುಬೇದಾರರೂ ನವಾಬರೂ ಸ್ವತಂತ್ರರಾಗಿ ಪರಸ್ಪರ ಕಾದಾಡುತ್ತಿದ್ದರು. ಯೂರೋಪಿನಲ್ಲಿ 1748ರಲ್ಲಿ ಸಂಧಿಯಾದರೂ, ಆಂಗ್ಲೇಯರ ಮತ್ತು ಫ್ರೆಂಚರ ಕಂಪೆನಿಗಳು ಇಲ್ಲಿ ನಮ್ಮ ನವಾಬರ ಹೆಸರಿನಲ್ಲಿ ಹೋರಾಟವನ್ನು ನಡೆಸಿದವು. ಮುರಿಯುತ್ತಿದ್ದ ಒಂದು ಸಾಮ್ರಾಜ್ಯದ ತೊಲೆ ಜಂತೆಗಳಿಂದ ಮತ್ತೊಂದನ್ನು ಕಟ್ಟುವ ಕಾರ್ಯವು ಹೀಗೆ ಆರಂಭವಾಯಿತು. ಆರ್ಕಾಟಿನ ನವಾಬಗಿರಿಗೆ ಚಂದಾ ಸಾಹೇಬನು ಫ್ರೆಂಚರ ಬಲದಿಂದಲೂ, ಮಹಮ್ಮದಾಲಿಯು ಆಂಗ್ಲೇಯರ ಬಲದಿಂದಲೂ ಸೆಣಸಿದರು.

1751ರಲ್ಲಿ ಮಹಮ್ಮದಾಲಿಯು ತಿರುಚನಾಪಳ್ಳಿಯ ಕೋಟೆಯಲ್ಲಿ ಮುತ್ತಿಗೆಗೆ ಸಿಕ್ಕಿ, ತನಗೆ ನೆರವಾದರೆ ಆ ಕೋಟೆಯನ್ನೇ ಮೈಸೂರಿಗೆ ಬಿಟ್ಟುಕೊಡುವುದಾಗಿ ಮಾತುಕೊಟ್ಟನು. ದೇವರಾಜಯ್ಯನು ಬೇಡವೆಂದರೂ ಕೇಳದೆ, ನಂಜರಾಜಯ್ಯನು 1752ರಲ್ಲಿ ಗುತ್ತಿಯ ಮುರಾರಿ ರಾಯನ ಮರಾಠಾ ದಂಡನ್ನೂ ಸೇರಿಸಿಕೊಂಡು ಘಟ್ಟವಿಳಿದನು. ಅದೇ ವರ್ಷ ಚಂದಾ ಸಾಹೇಬನು ಹತನಾದನು; ಶ್ರೀರಂಗದಲ್ಲಿದ್ದ ಫ್ರೆಂಚ್ ಸೇನೆಯು ಶರಣಾಯಿತು. ಜಯವು ಲಭಿಸಿತು, ಕೋಟೆಯು ಲಭಿಸಲಿಲ್ಲ. ನವಾಬನು ಮಾತಿಗೆ ತಪ್ಪಿದನು. ಕೋಟೆಯೊಳಗಿನ ಆಂಗ್ಲೇಯ ಪಹರೆಯು ಅಲ್ಲಿಂದ ಕದಲಲಿಲ್ಲ.

ಇಲ್ಲಿಗೆ ನಷ್ಟವನ್ನು ಲೆಕ್ಕಹಾಕಿ ಹಿಂದಿರುಗಿದ್ದರೆ ಮೈಸೂರು ಉಳಿಯುತ್ತಿತ್ತು. ಆದರೆ ಹೋದ ಹಣವನ್ನು ಗಳಿಸಲು ಮತ್ತಷ್ಟು ಹಣವನ್ನು ಒಡ್ಡುವ ಜೂಜುಗಾರನಂತೆ ಆತನು ಅಲ್ಲಿಯೇ ಬೀಡುಬಿಟ್ಟನು. ಒಳಸಂಚುಗಳಿಂದ ಕೋಟೆಯನ್ನು ಹಿಡಿಯಲೆಳಸಿ ವಿಫಲನಾದನು. 1753ರಲ್ಲಿ ನಿನ್ನೆಯ ಶತ್ರುಗಳಾದ ಫ್ರೆಂಚರ ಪಕ್ಷಕ್ಕೇ ಸೇರಿದನು. 1754ರಲ್ಲಿ ಡ್ಯೂಪ್ಲೆಯನ್ನು ಅವನ ಸರಕಾರವು ಹಿಂದಕ್ಕೆ ಕರೆಯಿಸಿಕೊಂಡಿತು. ಎರಡು ಕಂಪೆನಿಗಳೂ ಕದನವಿರಾಮವನ್ನು ಮಾಡಿಕೊಂಡವು. ಮೈಸೂರಿನ ಹಕ್ಕನ್ನು ಯಾರೂ ಎತ್ತಿ ಹಿಡಿಯಲಿಲ್ಲ. 1755ರಲ್ಲಿ ಆತನು ಬರಿಗೈಯಲ್ಲಿ ಮರಳಬೇಕಾಯಿತು.

ಅದೇ ವರ್ಷ ದಖ್ಖಣದ ಸುಬೇದಾರ ಸಲಾಬತ್ ಜಂಗನು ಮೊಗಲರ ಹೆಸರಿನ ಕಪ್ಪದ ಬಾಕಿಯನ್ನು ಕೇಳುತ್ತ ಶ್ರೀರಂಗಪಟ್ಟಣದ ಮುಂದೆ ಬಂದು ನಿಂತನು. ಅವನ ಬೆಂಗಾವಲಾಗಿ ಬಂದವನು ಫ್ರೆಂಚರ ಸೇನಾನಿ ಬುಸ್ಸಿ! ಯಾವ ಫ್ರೆಂಚರ ಸ್ನೇಹಕ್ಕಾಗಿ ಮೈಸೂರಿನವರು ತಿರುಚನಾಪಳ್ಳಿಯಲ್ಲಿ ರಕ್ತವನ್ನು ಸುರಿಸಿದ್ದರೋ, ಆ ಫ್ರೆಂಚರ ತೋಪುಗಳೇ ಈಗ ಮೈಸೂರಿಗೆ ಎದುರಾದವು. 56 ಲಕ್ಷ ರೂಪಾಯಿಗಳಿಗೆ ಒಪ್ಪಂದವಾಯಿತು. ಬೊಕ್ಕಸವು ಬರಿದಾಗಿದ್ದುದರಿಂದ ದೇವಾಲಯಗಳ ಬೆಳ್ಳಿಬಂಗಾರವನ್ನೂ ಅರಮನೆಯ ಒಡವೆಗಳನ್ನೂ ತೆಗೆಯಬೇಕಾಯಿತು. 1757ರಲ್ಲಿ ಪೇಷ್ವೆಯ ದಂಡು ಬಂದಾಗ ತಾಲ್ಲೂಕುಗಳನ್ನೇ ಒತ್ತೆಯಿಡಬೇಕಾಯಿತು.

ಹೊರಗೆ ಸೋತವನು ಒಳಗೆ ಕ್ರೂರನಾದನು. ಕಳಲೆಯವರ ಹಿಡಿತದಿಂದ ಬಿಡಿಸಿಕೊಳ್ಳಲು ತರುಣ ದೊರೆಯು ಯತ್ನಿಸಿದಾಗ, 1756ರಲ್ಲಿ ನಂಜರಾಜಯ್ಯನು ಅಳಿಯನ ಅರಮನೆಯ ಬಾಗಿಲಿಗೇ ತೋಪಿಟ್ಟನು. ದೇವರಾಜಯ್ಯನು ಬೇಸತ್ತು ಸತ್ಯಮಂಗಲಕ್ಕೆ ಹೊರಟುಹೋದನು, 1758ರಲ್ಲಿ ತೀರಿಕೊಂಡನು. ಆ ವೇಳೆಗೆ ಸಂಬಳದ ಬಾಕಿಗಾಗಿ ಸಿಪಾಯಿಗಳು ಸರ್ವಾಧಿಕಾರಿಯ ಬಾಗಿಲಲ್ಲೇ ಧರಣಿ ಕುಳಿತರು. ಅವರ ಲೆಕ್ಕವನ್ನು ತೀರಿಸಿ ಸಮಾಧಾನಪಡಿಸಿದವನು, ತಿರುಚನಾಪಳ್ಳಿಯ ರಣರಂಗದಲ್ಲಿ ಇದೇ ನಂಜರಾಜಯ್ಯನ ಕೈಕೆಳಗೆ ಬೆಳೆದ ಹೈದರಾಲಿ. ಸಂಬಳವನ್ನು ಕೊಡಬಲ್ಲವನಿಗೆ ಸೇನೆಯು ಒಲಿಯಿತು. ಸೇನೆಯು ಒಲಿದವನಿಗೆ ರಾಜ್ಯವು ಒಲಿಯಿತು. 1759ರಲ್ಲಿ ನಂಜರಾಜಯ್ಯನು ಅಧಿಕಾರವನ್ನು ಬಿಟ್ಟನು. 1761ರಲ್ಲಿ ಹೈದರನು ಸರ್ವಾಧಿಕಾರಿಯಾದನು. ಕಳಲೆಯ ಕರಾಚೂರಿಯು ಸೆರೆಯಲ್ಲಿದ್ದುಕೊಂಡೇ 1773ರಲ್ಲಿ ಕಾಲವಾದನು.

ಇತ್ತ 1756ರಿಂದ 1763ರವರೆಗೆ ಯೂರೋಪಿನಲ್ಲಿಯೂ ಅಮೆರಿಕದಲ್ಲಿಯೂ ಹಿಂದೂಸ್ಥಾನದಲ್ಲಿಯೂ ಏಕಕಾಲಕ್ಕೆ ನಡೆದ ಏಳು ವರ್ಷಗಳ ಯುದ್ಧವನ್ನು ಚರಿತ್ರಕಾರರನೇಕರು ಮೊದಲನೆಯ ಜಾಗತಿಕ ಸಮರವೆಂದೇ ಕರೆಯುತ್ತಾರೆ. 1761ರಲ್ಲಿ ಪುದುಚೇರಿಯು ಬಿದ್ದು, ದಕ್ಷಿಣದಲ್ಲಿ ಆಂಗ್ಲೇಯರಿಗೆ ಎದುರಾದ ಐರೋಪ್ಯರೇ ಇಲ್ಲದಂತಾಯಿತು. ಆ ಮಹಾಸಮರದ ಪೂರ್ವರಂಗಕ್ಕೆ ಮೈಸೂರಿನ ರೈತನು ಕಂದಾಯವನ್ನು ತೆತ್ತನು, ಮೈಸೂರಿನ ಸಿಪಾಯಿಯು ಪ್ರಾಣವನ್ನು ತೆತ್ತನು; ಫಲವು ಲಂಡನ್ನಿನ ಪಾಲಾಯಿತು.

ನಂಜರಾಜಯ್ಯನಲ್ಲಿ ಬುದ್ಧಿಯೂ ಇತ್ತು, ಧೈರ್ಯವೂ ಇತ್ತು. ಆತನನ್ನು ತಡೆದು ಲೆಕ್ಕ ಕೇಳುವ ಪ್ರಜಾಸಭೆಯೊಂದು ಮಾತ್ರ ಇರಲಿಲ್ಲ. ಪ್ರಬಲರ ಜಗಳದಲ್ಲಿ ಪಾಲು ಸಿಕ್ಕೀತೆಂದು ಆತನು ಒಬ್ಬನೇ ನಿಶ್ಚಯಿಸಿದನು. ಬೆಲೆಯನ್ನು ಎಲ್ಲರೂ ತೆರಬೇಕಾಯಿತು. 1914ರಲ್ಲಿಯೂ 1939ರಲ್ಲಿಯೂ ನಮ್ಮ ಜನರ ಸಮ್ಮತಿಯಿಲ್ಲದೆಯೇ ನಮ್ಮ ದೇಶವನ್ನು ಯುದ್ಧಕ್ಕೆ ಎಳೆದರು. 1918ರ ಸೆಪ್ಟೆಂಬರಿನಲ್ಲಿ ದೂರದ ಹೈಫಾದಲ್ಲಿ ಮೈಸೂರಿನ ಅಶ್ವದಳವು ಮೆರೆದ ಪರಾಕ್ರಮವನ್ನು ನಾವು ಹೆಮ್ಮೆಯಿಂದಲೇ ನೆನೆಯುತ್ತೇವೆ; ಆದರೆ ಅದು ಒಂದು ಸಾಮ್ರಾಜ್ಯದ ಪರವಾಗಿ ಮತ್ತೊಂದು ಸಾಮ್ರಾಜ್ಯದ ಮೇಲೆ ನಡೆದ ಕಾಳಗವೆಂಬುದನ್ನು ಮರೆಯಲಾಗದು.

1947ರಿಂದ ಈ ನಿಶ್ಚಯವು ನಮ್ಮ ಕೈಯಲ್ಲಿಯೇ ಇದೆ. ಯಾರ ಮೈತ್ರಿಗೆ ಏನನ್ನು ಒತ್ತೆಯಿಡುತ್ತಿದ್ದೇವೆಂದು ಕೇಳುವ ಹಕ್ಕು ಪ್ರತಿಯೊಬ್ಬ ಪ್ರಜೆಗೂ ಇದೆ. ಉತ್ತರ ಹೇಳುವ ಹೊಣೆ ಅಧಿಕಾರದಲ್ಲಿರುವವರದು. ಮುಂದೊಮ್ಮೆ ನಂಜುಂಡೇಶ್ವರನ ದರ್ಶನಕ್ಕೆ ಹೋದ ವಾಚಕರು ಅಲ್ಲಿಂದ ಕಳಲೆಯವರೆಗೂ ಹೋಗಿಬಂದು, ಈ ಪ್ರಶ್ನೆಯನ್ನು ಕೇಳುವವರಿಲ್ಲದ ಕಾಲದಲ್ಲಿ ನಾಡಿಗೇನಾಯಿತೆಂದು ಅರೆಗಳಿಗೆ ಚಿಂತಿಸಲೆಂಬುದೇ ನಮ್ಮ ಬಿನ್ನಹ.